ಹದಿನೇಳನೇ ಸಾಲಿನ ನೌಕರಿ

೨೦೧೯ರ ಫೆಬ್ರವರಿ ೧೧, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಪ್ರಣಾಲಿ ಉಯಿಕೆ ಎಂಬ ಇಪ್ಪತ್ತಾರು ವರ್ಷದ ಯುವತಿ ನಾಗಪುರದ ಅಂಬಾಝರಿ ಕೆರೆಯ ಕಡೆಯ ಠಾಣೆಗೆ ಬಂದು, ತಾನು ಎಂದೂ ಮಾಡದ ನೌಕರಿಯ ಬಗ್ಗೆ ದೂರು ಕೊಡಬೇಕು ಎಂದಳು.

ಹವಾಲ್ದಾರ್ ಢೋಬಳೆ ಖಾರದ ರಸ ಸುರಿದ ತರ್ರಿ ಪೋಹೆ ಅವಲಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ನೌಕರಿ ಕೊಡಿಸ್ತೀನಿ ಅಂತ ಯಾರಾದ್ರೂ ಟೋಪಿ ಹಾಕಿದ್ರಾ ಮಗಳೇ?"

"ಕೊಡಿಸ್ತೀನಿ ಅಂದಿಲ್ಲ ಕಾಕಾ, ಕೊಟ್ಟೇಬಿಟ್ಟಿದ್ದಾರೆ. ಅದೇ ನನ್ನ ದೂರು."

ಢೋಬಳೆಗೆ ತಲೆಬುಡ ಅರ್ಥವಾಗಲಿಲ್ಲ. ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ವಂದನಾ ಖೋಬ್ರಾಗಡೆ ಅವಳನ್ನು ಕರೆದರು. ವಂದನಾ ಇಪ್ಪತ್ತೊಂದು ವರ್ಷ ಸೇವೆ ಮಾಡಿದವರು. ದೂರು ಹೇಳುವವರು ಅಳುತ್ತಾ ಬಂದರೆ ನೀರು ಕೊಡುತ್ತಿದ್ದರು, ಕೂಗುತ್ತಾ ಬಂದರೆ ಕುರ್ಚಿ ಕೊಡುತ್ತಿದ್ದರು. ಈ ಹುಡುಗಿ ಎರಡನ್ನೂ ಮಾಡದೆ, ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಅವರ ಕಡೆಗೆ ತಿರುಗಿಸಿ ಇಟ್ಟಳು.

ಅದು 'ಸಮತಲ ನಗರ ಯೋಜನಾ ಸಂಸ್ಥೆ'ಯ ಜಾಲತಾಣದಿಂದ ತೆಗೆದ ಪ್ರತಿ. ನಗರ ಯೋಜನೆಯ ಸ್ನಾತಕೋತ್ತರ ಕೋರ್ಸಿಗೆ ಮಾನ್ಯತೆ ಮುಂದುವರಿಸಲು ಸಂಸ್ಥೆ ಮಾನ್ಯತಾ ಮಂಡಳಿಗೆ ಸಲ್ಲಿಸಿದ ವರದಿಯ ನಲವತ್ತೊಂದನೇ ಪುಟ. ೨೦೧೭ರಲ್ಲಿ ತೇರ್ಗಡೆಯಾದ ಇಪ್ಪತ್ತನಾಲ್ಕು ಮಂದಿ ಒಂದು ವರ್ಷದ ನಂತರ ಎಲ್ಲೆಲ್ಲಿ ಕೆಲಸದಲ್ಲಿದ್ದಾರೆ ಎಂಬ ಪಟ್ಟಿ. ಹದಿನೇಳನೇ ಸಾಲಿನಲ್ಲಿ ಪ್ರಣಾಲಿಯ ಹೆಸರು, ಎದುರಿಗೆ 'ಸಹಾಯಕ ಯೋಜಕಿ, ದಿಶಾಂಕನ ಯೋಜನಾ ಸಲಹೆಗಾರರು'.

"ಇಲ್ಲಿ ಕೆಲಸ ಮಾಡಿಲ್ವಾ?"

"ಹೆಸರೇ ಕೇಳಿಲ್ಲ ಮೇಡಂ."

"ಆ ವರ್ಷ ಏನ್ ಮಾಡ್ತಿದ್ರಿ?"

"ಒಂದು ಕೊಳೆಗೇರಿಯಲ್ಲಿದ್ದೆ. ಆರುನೂರ ನಲವತ್ತು ಮನೆ. ಅಲ್ಲಿನ ಹೆಂಗಸರ ಜೊತೆ ಟೇಪ್ ಹಿಡ್ಕೊಂಡು ಒಂದೊಂದೇ ಮನೆ ಅಳೆದು ನಕ್ಷೆ ಮಾಡ್ದೆ. ಹಕ್ಕುಪತ್ರ ಸಿಗಬೇಕಾದ್ರೆ ನಕ್ಷೆ ಬೇಕಲ್ಲ. ಸಾಯಂಕಾಲ ಮಕ್ಕಳಿಗೆ ಡ್ರಾಯಿಂಗ್ ಟ್ಯೂಷನ್."

"ಸರಿ. ಹೆಸರು ಬರ್ಕೊಂಡಿದ್ದಾರೆ. ನಿಮಗೇನು ನಷ್ಟ?"

ಪ್ರಣಾಲಿ ಎರಡನೇ ಹಾಳೆ ಇಟ್ಟಳು. ರಾಜ್ಯದ ನಗರ ರಚನಾ ಇಲಾಖೆಯ ಸಹಾಯಕ ಯೋಜಕರ ಪರೀಕ್ಷೆಯಲ್ಲಿ ಅವಳು ಪಾಸಾಗಿದ್ದಳು. ಫೆಬ್ರವರಿ ನಾಲ್ಕರಂದು ದಾಖಲೆ ಪರಿಶೀಲನೆ. ಅಲ್ಲಿನ ಅಧಿಕಾರಿ ಅವಳ ಕಾಲೇಜಿನ ಜಾಲತಾಣ ನೋಡಿ, 'ಈಗಾಗಲೇ ನೌಕರಿಯಲ್ಲಿರುವುದನ್ನು ಮುಚ್ಚಿಟ್ಟಿದ್ದೀರಿ, ಮಾಲೀಕರ ನಿರಾಕ್ಷೇಪಣಾ ಪತ್ರ ತನ್ನಿ, ಇಲ್ಲವಾದರೆ ಆಯ್ಕೆ ರದ್ದು' ಎಂದು ನೋಟಿಸು ಕೊಟ್ಟಿದ್ದ. ಕೊನೆಯ ದಿನ ಫೆಬ್ರವರಿ ೧೯.

"ಇಲ್ಲದ ಮಾಲೀಕನ ಹತ್ರ ಸಹಿ ಎಲ್ಲಿಂದ ತರಲಿ? ಕಾಲೇಜಿಗೆ ಹೋದೆ. ನಿರ್ದೇಶಕರು, 'ಒಳ್ಳೇ ಹುದ್ದೆ ಬರ್ದಿದ್ದೀವಲ್ಲ, ಖುಷಿಪಡಮ್ಮ' ಅಂದ್ರು. ಖುಷಿಪಡೋಕೆ ಬಂದಿಲ್ಲ ಮೇಡಂ ನಾನು. ಎಫ್‌ಐಆರ್ ಹಾಕಿ. ಬರೀ ಅರ್ಜಿ ತಗೊಂಡು ಕಳಿಸ್ತೀರಾದ್ರೆ ಇಲ್ಲೇ ಕೂತಿರ್ತೀನಿ."

ವಂದನಾ ಅವಳ ಮುಖವನ್ನೊಮ್ಮೆ ನೋಡಿದರು. ಹೆದರಿಸಲು ಆಡಿದ ಮಾತಾಗಿ ಕಾಣಲಿಲ್ಲ, ನಿಜಕ್ಕೂ ಕೂತುಬಿಡುವವಳ ಹಾಗಿದ್ದಳು. ಮಧ್ಯಾಹ್ನ ಹನ್ನೆರಡು ಐದಕ್ಕೆ ನಕಲಿ ದಾಖಲೆ ಸೃಷ್ಟಿ ಮತ್ತು ವಂಚನೆಯ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು.

ಮಂಗಳವಾರ ಮಧ್ಯಾಹ್ನ ಎರಡೂವರೆಗೆ ವಂದನಾ, ಢೋಬಳೆ ಮತ್ತು ಮಹಿಳಾ ಕಾನ್‌ಸ್ಟೇಬಲ್ ಒಬ್ಬರು ಸಂಸ್ಥೆಗೆ ಹೋದರು. ಗೇಟಿನ ಒಳಗೆ ಕಟ್ಟೆಗಳಿಗೆ ಸುಣ್ಣ ಬಳಿಯುತ್ತಿದ್ದರು, ಹೂಕುಂಡಗಳು ಲಾರಿಯಿಂದ ಇಳಿಯುತ್ತಿದ್ದವು. ಇಪ್ಪತ್ತರಂದು ಮಾನ್ಯತಾ ಮಂಡಳಿಯ ತಂಡ ಬರುವುದಿತ್ತು. ನಿರ್ದೇಶಕ ಡಾ. ಅವಿನಾಶ್ ಬಾರಲಿಂಗೆ ಬಾಗಿಲವರೆಗೆ ಬಂದು ಕರೆದೊಯ್ದರು. ಚಹಾ ಬಂತು, ವಂದನಾ ಮುಟ್ಟಲಿಲ್ಲ.

"ಟೈಪಿಂಗ್ ತಪ್ಪು ಮೇಡಂ. ಸಾಲು ಹಿಂದೆ ಮುಂದೆ ಆಗಿರುತ್ತೆ. ಇವತ್ತೇ ತೆಗೆಸಿಬಿಡ್ತೀನಿ."

"ಹಿಂದೆ ಮುಂದೆ ಆಗಿದ್ರೆ ಆ ನೌಕರಿ ಬೇರೆ ಯಾರದೋ ಆಗಿರಬೇಕಲ್ಲ. ಯಾರದು?"

ಬಾರಲಿಂಗೆ ನಕ್ಕರು. "ನೋಡಿ, ನಾನು ಆಡಳಿತ ನೋಡ್ಕೊಳ್ಳೋನು. ಇಂಥದ್ದೆಲ್ಲ ವಿಭಾಗದವರು ಮಾಡ್ತಾರೆ."

"ಪಟ್ಟಿಗೆ ಆಧಾರದ ಕಾಗದ ಇರುತ್ತಲ್ಲ, ಆ ಫೈಲ್ ತರಿಸಿ."

"ನಾಳೆ ಕಳಿಸ್ಲಾ?"

"ಇವತ್ತು. ನಾನೇ ತಗೊಂಡ್ಹೋಗ್ತೀನಿ."

ಎದುರಿನ ಔಷಧಿ ಅಂಗಡಿಯವನನ್ನೂ ಅಂಚೆಯಣ್ಣನನ್ನೂ ಪಂಚರಾಗಿ ಕರೆಸಿ ಮೂರೂಕಾಲರಿಂದ ಐದು ನಲವತ್ತರವರೆಗೆ ಪಂಚನಾಮೆ ಮಾಡಿದರು. ಫೈಲಿನಲ್ಲಿ ಹತ್ತೊಂಬತ್ತು ನೇಮಕಾತಿ ಪತ್ರಗಳಿದ್ದವು. ಮಂಡಳಿಯ ನಿಯಮದ ಪ್ರಕಾರ ನೂರಕ್ಕೆ ಎಪ್ಪತ್ತೈದು ವಿದ್ಯಾರ್ಥಿಗಳು ಒಂದು ವರ್ಷದೊಳಗೆ ತಾವು ಓದಿದ ವೃತ್ತಿಯಲ್ಲೇ ನೌಕರಿ ಹಿಡಿದಿರಬೇಕು. ಹದಿನೆಂಟು ಮಂದಿ ಸಾಕಿತ್ತು. ಆ ಸಂಜೆಯೇ ಢೋಬಳೆ ಕೂತು ಹತ್ತೊಂಬತ್ತೂ ಜನರಿಗೆ ಫೋನ್ ಹಚ್ಚಿದ. ಏಳು ಪತ್ರ ನಿಜ. ಹನ್ನೆರಡು ಸುಳ್ಳು. ಆ ಹನ್ನೆರಡೂ ಮೂರೇ ಮೂರು ಕಂಪನಿಗಳ ಕಾಗದದಲ್ಲಿದ್ದವು, ಪ್ರತಿಯೊಂದರ ಕೆಳಗೆ ದುಂಡು ಮೊಹರು. 'ಒಪ್ಪಿದ್ದೇನೆ' ಎಂಬಲ್ಲಿ ವಿದ್ಯಾರ್ಥಿಗಳ ಸಹಿ.

"ಒಬ್ಬ ಏನಂದ ಗೊತ್ತಾ ಸಾಹೇಬ್ರೇ?" ಢೋಬಳೆ ಹೇಳಿದ. "'ನನಗೆ ನೌಕರಿ ಸಿಕ್ಕಿದ್ದು ನನ್ನ ಹೆಂಡ್ತಿಗೆ ಹೇಳ್ಬೇಡಿ, ಎರಡು ವರ್ಷದ ಸಂಬಳ ಎಲ್ಲಿ ಅಂತ ಒಟ್ಟಿಗೆ ಬೈತಾಳೆ' ಅಂದ."

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಮೂರು ವಿಳಾಸಗಳನ್ನು ಹುಡುಕಿಕೊಂಡು ಹೊರಟರು. ಸಹಿ ಗುರುತಿಸಲು ಬಂದಿದ್ದ ಪ್ರಣಾಲಿಯನ್ನೂ ಜೀಪಿನಲ್ಲಿ ಕೂರಿಸಿಕೊಂಡರು. ದಿಶಾಂಕನದ ವಿಳಾಸ ಒಂದು ಹಳೆಯ ಲೇಔಟಿನ ಮೂವತ್ತೆಂಟನೇ ನಿವೇಶನ. ಮೂವತ್ತೇಳರಲ್ಲಿ ಮನೆಯಿತ್ತು, ಮೂವತ್ತೊಂಬತ್ತರಲ್ಲಿ ಹಿಟ್ಟಿನ ಗಿರಣಿಯಿತ್ತು. ನಡುವೆ ಬೇಲಿ ಮುರಿದ ಖಾಲಿ ಜಾಗ, ಅಲ್ಲಿ ಎರಡು ಎಮ್ಮೆ. ಎರಡನೇ ವಿಳಾಸದಲ್ಲೂ ಖಾಲಿ ಜಾಗ, ಯಾರೋ ಇಟ್ಟಿಗೆ ಪೇರಿಸಿದ್ದರು. ಮೂರನೆಯದರಲ್ಲಿ ಹಳೇ ಟೆಂಪೋಗಳು ನಿಂತಿದ್ದವು.

"ಸುಮ್ನೆ ಬಾಯಿಗೆ ಬಂದ ನಂಬರ್ ಹಾಕಿದ್ದಾರೆ," ಎಂದ ಢೋಬಳೆ.

ಮೊದಲ ವಿಳಾಸದಿಂದಲೇ ಪ್ರಣಾಲಿ ಮಾತು ನಿಲ್ಲಿಸಿದ್ದನ್ನು ವಂದನಾ ಗಮನಿಸಿದ್ದರು.

"ಈ ಜಾಗ ಯಾರದು?"

"ಸಾರ್ವಜನಿಕರದು ಮೇಡಂ."

"ಅಂದ್ರೆ?"

"ನಗರದ ಅಭಿವೃದ್ಧಿ ನಕ್ಷೆಯಲ್ಲಿ ಮೀಸಲಿಟ್ಟಿದ್ದು. ಆ ಎಮ್ಮೆ ಇದ್ದದ್ದು ಉದ್ಯಾನ. ಇಟ್ಟಿಗೆ ಇದ್ದದ್ದು ಪ್ರಾಥಮಿಕ ಶಾಲೆ. ಇದು ಆಟದ ಮೈದಾನ. ಇಪ್ಪತ್ತು ವರ್ಷ ಆಯ್ತು, ಯಾರೂ ವಶಕ್ಕೆ ತಗೊಂಡಿಲ್ಲ."

"ನಿಮಗೆ ಹೇಗೆ ಗೊತ್ತು?"

"ಓದುವಾಗ ಸರ್ವೆ ಮಾಡಿದ್ವಿ. ಇಂಥವು ನೂರ ಹನ್ನೊಂದು ಸಿಕ್ಕಿದ್ವು."

"ಸರ್ವೆ ಮಾಡಿಸಿದ್ದು ಯಾರು?"

ಪ್ರಣಾಲಿ ಟೆಂಪೋಗಳ ಕಡೆ ಮುಖ ತಿರುಗಿಸಿದಳು. "ಮೇಡಂ ಅಂಥವರಲ್ಲ."

"ಯಾವ ಮೇಡಂ? ನಾನು ಯಾರ ಹೆಸರೂ ಹೇಳ್ಲಿಲ್ಲ."

ಅವಳು ಹೇಳಿದಳು. ಪ್ರೊ. ಹೇಮಲತಾ ವೈರಾಗಡೆ, ವಿಭಾಗದ ಮುಖ್ಯಸ್ಥೆ. ಕೋರ್ಸು ಶುರುವಾದಾಗಿನಿಂದ ಇದ್ದವರು. ಗಡಚಿರೋಲಿಯ ಕಾಡಂಚಿನ ಊರಿಂದ ಬಂದ ಪ್ರಣಾಲಿಗೆ ಮೊದಲ ವರ್ಷ ಹಾಸ್ಟೆಲು ಸಿಗದಿದ್ದಾಗ ನಾಲ್ಕು ತಿಂಗಳು ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು.

"ದೂರು ವಾಪಸ್ ತಗೋತೀಯಾ?" ವಂದನಾ ಕೇಳಿದರು. ಬಹುವಚನ ಬಿಟ್ಟುಹೋದದ್ದು ಅವರಿಗೇ ಆಮೇಲೆ ಗೊತ್ತಾಯಿತು.

"ಇಲ್ಲ," ಎಂದಳು ಪ್ರಣಾಲಿ. ಕಣ್ಣು ಒದ್ದೆಯಾಗಿತ್ತು, ದನಿ ಗಟ್ಟಿಯಾಗೇ ಇತ್ತು. "ಮೇಡಂ ಆದ್ರೂ ಇಲ್ಲ."

ಗುರುವಾರವಿಡೀ ಢೋಬಳೆ ಇತ್ವಾರಿ ಪೇಟೆಯ ಗಲ್ಲಿಗಳಲ್ಲಿ ರಬ್ಬರ್ ಮೊಹರು ಮಾಡುವವರನ್ನು ಹುಡುಕಿ ಅಲೆದ. ಒಂಬತ್ತನೇ ಅಂಗಡಿಯ ಮುದುಕ ಕನ್ನಡಕ ಹಾಕಿಕೊಂಡು ಪತ್ರದ ಮೇಲಿನ ಗುರುತು ನೋಡಿದ ಕೂಡಲೇ ಗೊಣಗಿದ.

"ಇದನ್ನ ಮಾಡಿಸಿದ ಹೆಂಗಸನ್ನ ಮರೆಯೋದುಂಟಾ! ನಲವತ್ತು ವರ್ಷದಿಂದ ಮೊಹರು ಕೊರೀತಿದ್ದೀನಿ, ಮೊಹರಿನ ಮೇಲೆ ಸ್ಕೇಲ್ ಇಟ್ಟು ಅಳೆದವರು ಇವರೊಬ್ರೇ. ಅಕ್ಷರದ ನಡುವೆ ಜಾಗ ಸಮ ಇಲ್ಲ ಅಂತ ಮೂರು ಸಲ ವಾಪಸ್ ಕೊಟ್ರು."

"ಹೆಸರು ಬರ್ಕೊಂಡಿದ್ದೀರಾ?"

ಮುದುಕ ಮಾದರಿ ಪುಸ್ತಕ ತೆಗೆದ. ಪ್ರತಿ ಮೊಹರಿನ ಮೊದಲ ಅಚ್ಚು, ಪಕ್ಕದಲ್ಲಿ ಮಾಡಿಸಿದವರ ಹೆಸರು. ೨೦೧೮ರ ಅಕ್ಟೋಬರ್ ೯ರಂದು ಮೂರು ಅಚ್ಚುಗಳು. ಪಕ್ಕದಲ್ಲಿ ಸುಳ್ಳು ಹೆಸರಿರಲಿಲ್ಲ. ಪೂರ್ತಿಯಾಗಿ, ಗುಂಡಗಿನ ಅಕ್ಷರಗಳಲ್ಲಿ, 'ಹೇಮಲತಾ ವೈರಾಗಡೆ' ಎಂದಿತ್ತು.

ಶುಕ್ರವಾರ, ಫೆಬ್ರವರಿ ೧೫. ಬೆಳಿಗ್ಗೆ ಹನ್ನೊಂದು ಮೂವತ್ತಮೂರಕ್ಕೆ ವಂದನಾ ತರಗತಿಯ ಬಾಗಿಲಲ್ಲಿ ನಿಂತರು. ಹತ್ತಿ ಸೀರೆ ಉಟ್ಟ ಐವತ್ತೇಳರ ಕುಳ್ಳಗಿನ ಹೆಂಗಸು ಬಸ್ ನಿಲ್ದಾಣವೊಂದರ ನಕ್ಷೆ ತೋರಿಸುತ್ತಿದ್ದರು.

"ನಿಲ್ದಾಣ ಆಸ್ಪತ್ರೆಯಿಂದ ಐನೂರು ಮೀಟರ್ ದೂರ ಯಾಕಿದೆ? ಯಾರು ಹೇಳ್ತೀರಿ? ಗರ್ಭಿಣಿ ಹೆಂಗಸು ಈ ನಕ್ಷೆ ಬರೆದಿದ್ರೆ ಇಲ್ಲಿ ಬರೀತಿದ್ಲಾ?" ಅಷ್ಟರಲ್ಲಿ ಖಾಕಿ ಕಂಡಿತು. "ಹನ್ನೆರಡು ನಿಮಿಷ ಇದೆ. ಕೂತ್ಕೊಳ್ಳಿ, ಇಲ್ಲಾ ಹೊರಗಿರಿ."

ವಂದನಾ ಹಿಂದಿನ ಬೆಂಚಿನಲ್ಲಿ ಕೂತರು. ಹನ್ನೆರಡು ನಿಮಿಷ ಪಾಠ ನಡೆಯಿತು. ಹುಡುಗರು ಹಿಂತಿರುಗಿ ಹಿಂತಿರುಗಿ ನೋಡಿದರೂ ವೈರಾಗಡೆಯವರ ದನಿ ಒಮ್ಮೆಯೂ ತಡವರಿಸಲಿಲ್ಲ. ಗಂಟೆ ಹೊಡೆದ ಮೇಲೆ ಅವರೇ ತಮ್ಮ ಕೋಣೆಯ ಬೀಗ ತೆಗೆದರು.

ವಂದನಾ ಮೊಹರಿನ ಅಚ್ಚುಗಳ ಪ್ರತಿ ಮುಂದಿಟ್ಟರು. "ನೀವು ಮಾಡಿಸಿದ್ದಾ?"

"ಹೌದು."

"ಪತ್ರಗಳು?"

"ನಾನೇ ಬರೆದೆ. ಸಹಿಗಳೂ ನನ್ನವೇ. ಎರಡು ವರ್ಷ ಅವರ ಡ್ರಾಯಿಂಗ್ ಶೀಟ್ ತಿದ್ದಿದ್ದೀನಿ, ಅವರ ಸಹಿ ನನಗೆ ಅವರಿಗಿಂತ ಚೆನ್ನಾಗಿ ಬರುತ್ತೆ."

"ವಿಳಾಸ ಹಾಗೇಕೆ ಕೊಟ್ರಿ?"

"ಮಂಡಳಿಯವರು ಒಬ್ಬರಾದ್ರೂ ಪರಿಶೀಲಿಸೋಕೆ ಹೋದ್ರೆ ಆ ಖಾಲಿ ಜಾಗಗಳನ್ನ ಕಣ್ಣಾರೆ ನೋಡ್ಲಿ ಅಂತ. ಯಾರೂ ಹೋಗ್ಲಿಲ್ಲ. ನೀವು ಹೋದ್ರಿ."

"ನಿರ್ದೇಶಕರು ಹೇಳಿದ್ರಾ?"

"ನನ್ನ ಕೈ ಬರೆದದ್ದು. ನನ್ನ ಹೆಸರಷ್ಟೇ ಬರ್ಕೊಳ್ಳಿ."

"ಅದು ನಾನು ಕೇಳಿದ್ದಕ್ಕೆ ಉತ್ತರ ಅಲ್ಲ."

ವೈರಾಗಡೆ ನಕ್ಕರು. "ಇನ್ಸ್‌ಪೆಕ್ಟರ್ ಮೇಡಂ, ನಿಮ್ಮ ಠಾಣೆಯಲ್ಲೂ ತಿಂಗಳಿಗೊಂದು ಪಟ್ಟಿ ಹೋಗುತ್ತಲ್ಲ? ಎಷ್ಟು ಪ್ರಕರಣ ಬಂತು, ನೂರಕ್ಕೆ ಎಷ್ಟು ಪತ್ತೆ ಆಯ್ತು?"

"ಹೋಗುತ್ತೆ."

"ಎಂದೂ ಒಂದು ಸಾಲು ಸೇರಿಸಿಲ್ವಾ?"

"ಸೇರಿಸಿದವರನ್ನ ನೋಡಿದ್ದೀನಿ. ನಾನು ಸೇರಿಸಿಲ್ಲ. ಅದಕ್ಕೆ ಎರಡು ಸಲ ಬಡ್ತಿ ತಪ್ಪಿದೆ."

ವೈರಾಗಡೆ ಮೊದಲ ಬಾರಿಗೆ ಎದುರಿಗಿದ್ದವರನ್ನು ಸರಿಯಾಗಿ ನೋಡಿದರು. "ನಾನೂ ಒಂಬತ್ತು ವರ್ಷ ಸೇರಿಸಿಲ್ಲ. ನಿಜದ ಪಟ್ಟಿಯನ್ನೇ ಕಳಿಸಿದೆ. ಕಳೆದ ಸಲ 'ಇನ್ನೊಮ್ಮೆ ಹೀಗಾದರೆ ಮಾನ್ಯತೆ ಇಲ್ಲ' ಅಂತ ಬರೆದ್ರು. ಕೋರ್ಸ್ ಮುಚ್ಚಿದ್ರೆ ಚಂದ್ರಪುರ, ಗಡಚಿರೋಲಿ, ಗೋಂದಿಯಾ ಕಡೆಯ ಮಕ್ಕಳು ಎಲ್ಲಿಗೆ ಹೋಗ್ಬೇಕು? ದೊಡ್ಡ ಕಂಪನಿಗೆ ಹೋಗಿ ಶ್ರೀಮಂತರ ಲೇಔಟ್ ಬರೆದವನು ಅವರ ಲೆಕ್ಕದಲ್ಲಿ ಒಂದು. ತನ್ನೂರಲ್ಲಿ ಉಳಿದು ಕೆರೆ ಉಳಿಸಿದವನು ಸೊನ್ನೆ. ಆ ಸೊನ್ನೆಯನ್ನ ನಾನು ಒಪ್ಪಲ್ಲ. ಇವತ್ತೂ ಒಪ್ಪಲ್ಲ. ಯಾರಿಗೆ ಏನು ಕೆಟ್ಟದ್ದಾಯ್ತು, ಹೇಳಿ?"

ವಂದನಾ ಇಲಾಖೆಯ ನೋಟಿಸನ್ನು ಅವರ ಮುಂದಿಟ್ಟರು.

ವೈರಾಗಡೆ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಪ್ರಣಾಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದ್ಲಾ? ಅವಳು... 'ಆ ಬಾಗಿಲಿಗೆ ಯಾವತ್ತೂ ಹೋಗಲ್ಲ' ಅಂತ ನನ್ನೆದುರಿಗೇ ಹೇಳಿದ್ದಳು. ಹಾಗೆ ಹೇಳಿದವರದೇ ಹನ್ನೆರಡು ಹೆಸರು ಆರಿಸಿದ್ದು ನಾನು. ಯಾರಿಗೂ ತೊಂದರೆ ಆಗದಿರಲಿ ಅಂತ."

"ಅವಳನ್ನ ಕೇಳಿದ್ರಾ?"

ವೈರಾಗಡೆ ಖಾಲಿ ಹಾಳೆ ತೆಗೆದುಕೊಂಡು, ಪ್ರಣಾಲಿ ಉಯಿಕೆಯ ಹೆಸರಿನ ಪತ್ರ ಪೂರ್ತಿ ಸುಳ್ಳು, ಅದನ್ನು ಅವಳಿಗೆ ತಿಳಿಯದಂತೆ ತಾನೇ ತಯಾರಿಸಿದ್ದು ಎಂದು ಇಲಾಖೆಗೆ ಬರೆದು, ಸಹಿ ಮಾಡಿ, ಸಮಯ ಹಾಕಿ ಕೊಟ್ಟರು. ಹನ್ನೆರಡು ಇಪ್ಪತ್ತು.

"ಅವಳ ಸಾಲು ತೆಗೆದುಬಿಡಿ. ಉಳಿದ ಹನ್ನೊಂದು ಇರುತ್ತೆ. ಅವಳನ್ನ ಬಿಟ್ಟರೂ ಹದಿನೆಂಟಾಗುತ್ತೆ."

ಕಪಾಟಿನ ಶೋಧ ನಡೆಯಿತು. ಮೂರು ಮೊಹರುಗಳು ಸಿಕ್ಕಿದವು. ವರದಿಯ ಮೊದಲ ಕರಡೂ ಸಿಕ್ಕಿತು. ಅದರಲ್ಲಿ ಏಳೇ ಹೆಸರುಗಳಿದ್ದವು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ, 'ಇದನ್ನು ಕಳಿಸುವಂತಿಲ್ಲ. ಹದಿನೆಂಟು ಹೇಗಾದರೂ ಮಾಡಿ. ಹೇಗೆಂದು ನನಗೆ ಹೇಳಬೇಡಿ' ಎಂದಿತ್ತು. ಕೆಳಗೆ ಬಾರಲಿಂಗೆಯವರ ಕಿರುಸಹಿ.

"ಇದನ್ನ ಯಾಕೆ ತೋರಿಸ್ಲಿಲ್ಲ?"

"ಅವರ ಪುಕ್ಕಲುತನದ ಹಿಂದೆ ನಾನು ಅಡಗಿಕೊಳ್ಳಬೇಕಾ?"

ಅದರ ಕೆಳಗೆ ದಾರ ಕಟ್ಟಿದ ಒಂಬತ್ತು ಕಟ್ಟುಗಳಿದ್ದವು. ಪ್ರತಿ ವರ್ಷದ ವರದಿಯ ಜೊತೆ ವೈರಾಗಡೆ ಕಳಿಸಿದ್ದ ಅನುಬಂಧಗಳು. ಪ್ರತಿಯೊಬ್ಬ ವಿದ್ಯಾರ್ಥಿ ಊರಿಗೆ ಹೋಗಿ ಏನು ಮಾಡಿದ ಎಂಬ ವಿವರ. ಒಬ್ಬಳು ಸ್ಮಶಾನಕ್ಕೆ ದಾರಿಯಿಲ್ಲದ ದಲಿತ ಕೇರಿಗೆ ಹಳೆಯ ದಾಖಲೆಯಿಂದ ದಾರಿ ಹುಡುಕಿಕೊಟ್ಟಿದ್ದಳು. ಒಬ್ಬ ಭಂಡಾರಾದ ಕೆರೆಯೊಂದನ್ನು ಲೇಔಟಿನ ಬಾಯಿಂದ ಬಿಡಿಸಿದ್ದ. ಈ ಸಲ ಕಳಿಸದೇ ಉಳಿದ ಪ್ರಣಾಲಿಯ ಆರುನೂರ ನಲವತ್ತು ಮನೆಗಳ ನಕ್ಷೆಯೂ ಪಕ್ಕದಲ್ಲಿ ಮಡಚಿಟ್ಟಿತ್ತು. ಒಂಬತ್ತೂ ಕಟ್ಟುಗಳ ಮೇಲೆ ಮಂಡಳಿಯ ಒಂದೇ ಷರಾ: 'ಅಳೆಯಲು ಸಾಧ್ಯವಿಲ್ಲ. ಹಿಂದಿರುಗಿಸಲಾಗಿದೆ.'

ವಂದನಾ ಅವರಿಗೆ ಬಂಧಿಸುವ ಮನಸ್ಸಿರಲಿಲ್ಲ. ಇಂಥ ಅಪರಾಧಕ್ಕೆ ಹಾಜರಾಗುವಂತೆ ನೋಟಿಸು ಕೊಟ್ಟು ಮನೆಗೆ ಬಿಡಬಹುದಿತ್ತು. ಬರೆದೂ ಕೊಟ್ಟರು.

"ಇಲ್ಲಿ ಸಹಿ ಹಾಕಿ. ಈ ವರದಿಯನ್ನ ಎಲ್ಲೂ ಬಳಸಬಾರದು. ಕರೆದಾಗ ಬರಬೇಕು. ಅಷ್ಟೇ."

"ಇಪ್ಪತ್ತನೇ ತಾರೀಕು ಮಂಡಳಿ ಬರುತ್ತೆ. ಅವತ್ತು ಇದೇ ವರದಿ ಹಿಡ್ಕೊಂಡು ನಾನೇ ನಿಂತು ಓದ್ತೀನಿ."

"ಮೇಡಂ, ಹಠ ಮಾಡ್ಬೇಡಿ."

"ಸುಳ್ಳು ಸಹಿ ಸಾಕಷ್ಟು ಹಾಕಿದ್ದೀನಿ. ಪಾಲಿಸೋಕಾಗದ ಮಾತಿಗೆ ಇನ್ನೊಂದು ಹಾಕಲ್ಲ."

ಮಧ್ಯಾಹ್ನ ಎರಡು ಹತ್ತಕ್ಕೆ ಬಂಧನದ ಮೆಮೊ ಸಿದ್ಧವಾಯಿತು. ಕಾರಣದ ಕಲಮಿನಲ್ಲಿ 'ನಕಲಿ ದಾಖಲೆಯನ್ನು ಮತ್ತೆ ಬಳಸುವುದಾಗಿ ಆರೋಪಿ ಸ್ಪಷ್ಟವಾಗಿ ಹೇಳಿರುವುದರಿಂದ' ಎಂದು ವಂದನಾ ಬರೆದರು. ಮಹಿಳಾ ಕಾನ್‌ಸ್ಟೇಬಲ್ ತೋಳು ಹಿಡಿಯಹೋದಾಗ ವೈರಾಗಡೆ, "ನಡೆಯೋಕೆ ಬರುತ್ತಮ್ಮ ನನಗೆ," ಎಂದು ತಾವೇ ಮುಂದೆ ನಡೆದರು. ಮೆಟ್ಟಿಲ ಮೇಲೆ ವಿದ್ಯಾರ್ಥಿಗಳು ಎದ್ದು ನಿಂತಿದ್ದರು.

ಮೂರು ಗಂಟೆಗೆ ಬಾರಲಿಂಗೆ ಪ್ರಣಾಲಿಗೆ ಫೋನ್ ಮಾಡಿದರು. ಠಾಣೆಯಲ್ಲಿ ಎಫ್‌ಐಆರ್ ಪ್ರತಿಗೆ ಕಾಯುತ್ತಿದ್ದ ಅವಳು ಸ್ಪೀಕರಿಗೆ ಹಾಕಿದಳು. ಬೇಕಾದ ಪತ್ರ ಸಂಸ್ಥೆಯ ಹೆಸರಿನಲ್ಲೇ ಕೊಡುತ್ತೇನೆ, ದೂರು ವಾಪಸ್ ತಗೋ, ಕೋರ್ಸು ಉಳಿಯುತ್ತದೆ ಎಂದರು.

"ಸರ್, ನಿಮ್ಮ ಪತ್ರ ನಂಬೋಕೆ ಅದರ ಜೊತೆ ಇನ್ನೊಂದು ಪೊಲೀಸ್ ಪತ್ರ ಬೇಕಾಗುತ್ತೆ. ಅದಕ್ಕಿಂತ ನೇರವಾಗಿ ಪೊಲೀಸರದ್ದೇ ತಗೋತೀನಿ ಬಿಡಿ."

ಫೋನ್ ಇಟ್ಟು ತಿರುಗಿದಾಗ ಬಾಗಿಲಲ್ಲಿ ವೈರಾಗಡೆ ನಿಂತಿದ್ದರು. ವೈದ್ಯಕೀಯ ಪರೀಕ್ಷೆ ಮುಗಿಸಿ ಆಗಷ್ಟೇ ಕರೆತಂದಿದ್ದರು. ಪ್ರಣಾಲಿ ಅಭ್ಯಾಸಬಲದಿಂದ ಎದ್ದು ನಿಂತಳು.

"ಯಾಕೆ ಬರೆದೆ ಆ ಪರೀಕ್ಷೆ?" ವೈರಾಗಡೆ ಕೇಳಿದರು. ತರಗತಿಯಲ್ಲಿ ಕೇಳುವ ಹಾಗೇ ಕೇಳಿದರು.

"ನನ್ನ ನಕ್ಷೆ ತಗೊಂಡು ಹೋದಾಗ, 'ಇದರ ಮೇಲೆ ಸರ್ಕಾರಿ ಯೋಜಕರ ಸಹಿ ಇಲ್ಲ, ಇದು ಬರೀ ಚಿತ್ರ' ಅಂತ ಎಸೆದ್ರು. ಆ ಸಹಿ ಹಾಕೋ ಕುರ್ಚೀಲಿ ನಾನೇ ಕೂರ್ತೀನಿ ಅಂತ ಹಠ ಬಂತು."

ವೈರಾಗಡೆ ತಲೆಯಾಡಿಸಿದರು. ಪ್ರಣಾಲಿ ಅಲ್ಲಿಗೇ ಬಿಡಲಿಲ್ಲ.

"ಮೇಡಂ, ಮಂಡಳಿಯವರ ಲೆಕ್ಕದಲ್ಲಿ ನನ್ನ ಕೆಲಸ ಸೊನ್ನೆ. ನೀವು ಅದನ್ನ ಅಳಿಸಿ ಮೇಲೆ ಯಾವುದೋ ಇಲ್ಲದ ಕಂಪನಿ ಬರೆದ್ರಿ. ಎರಡರಲ್ಲೂ ನನ್ನ ನಕ್ಷೆ ಎಲ್ಲಿದೆ?"

ಬೆಳಗಿನಿಂದ ಪ್ರತಿ ಪ್ರಶ್ನೆಗೂ ಥಟ್ಟನೆ ಉತ್ತರ ಕೊಟ್ಟಿದ್ದ ಹೆಂಗಸು ಬೆಂಚಿನ ಮೇಲೆ ಕೂತುಬಿಟ್ಟರು. ಢೋಬಳೆ ನೀರು ತಂದಿಟ್ಟ. ಅವರು ಕುಡಿಯಲಿಲ್ಲ.

ಶನಿವಾರ ಬೆಳಿಗ್ಗೆ ಎಫ್‌ಐಆರ್ ಪ್ರತಿ, ವೈರಾಗಡೆಯವರ ಕೈಬರಹದ ಹೇಳಿಕೆ ಮತ್ತು ಠಾಣೆಯ ಪತ್ರ ಇಲಾಖೆಗೆ ಮುಟ್ಟಿದವು. ಅಧಿಕಾರಿ ಸ್ವೀಕೃತಿ ಕೊಟ್ಟು, ಪ್ರಣಾಲಿಯ ಆಯ್ಕೆಗಿದ್ದ ತಕರಾರನ್ನು ಸೋಮವಾರ ತೆಗೆದುಹಾಕಿದ. ಬಾರಲಿಂಗೆ ಎರಡನೇ ಆರೋಪಿಯಾದರು. ಹಸಿರು ಶಾಯಿ ತಮ್ಮದಲ್ಲ ಎನ್ನುತ್ತಾ ನಿರೀಕ್ಷಣಾ ಜಾಮೀನು ತಂದರು. ಮಂಡಳಿ ಭೇಟಿ ರದ್ದುಪಡಿಸಿತು.

ಶನಿವಾರ ಮಧ್ಯಾಹ್ನವೇ ವೈರಾಗಡೆಯವರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಗಿತ್ತು. ಹೇಳುವುದೇನಾದರೂ ಇದೆಯೇ ಎಂದು ಮ್ಯಾಜಿಸ್ಟ್ರೇಟರು ಕೇಳಿದಾಗ, "ಒಬ್ಬ ವಿದ್ಯಾರ್ಥಿನಿಗೆ ನಾನು ಅನ್ಯಾಯ ಮಾಡಿದ್ದೇನೆ, ಅವಳ ಕ್ಷಮೆ ಕೇಳುತ್ತೇನೆ. ಮಂಡಳಿಯ ಕ್ಷಮೆ ಕೇಳುವುದಿಲ್ಲ," ಎಂದರು. ಎರಡನ್ನೂ ಬರೆದುಕೊಳ್ಳಿ ಎಂದು ಗುಮಾಸ್ತನಿಗೆ ಅವರೇ ಹೇಳಿದರು.

ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಬರೆಯುವ ಜಾಗ ಚಿಕ್ಕದು. ಸಾಮಾನ್ಯವಾಗಿ ವಂದನಾ ಅಲ್ಲಿ ದುರಾಸೆ, ದ್ವೇಷ ಎಂಬಂಥ ಒಂದು ಪದ ಬರೆದು ಮುಂದೆ ಹೋಗುತ್ತಿದ್ದರು. ಈ ಬಾರಿ ಹೊಂದುವ ಪದ ಸಿಗಲಿಲ್ಲ. 'ತನ್ನ ವಿದ್ಯಾರ್ಥಿಗಳು ಮಾಡಿದ ಕೆಲಸವನ್ನು ಯಾರೂ ಓದಲಿಲ್ಲ ಎಂಬ ಸಿಟ್ಟು' ಎಂದು ಬರೆದರು. ಆಮೇಲೆ ವಶಪಡಿಸಿಕೊಂಡ ಒಂಬತ್ತು ಕಟ್ಟುಗಳಲ್ಲಿ ಮೊದಲನೆಯದರ ದಾರ ಬಿಚ್ಚಿ, ಮೊದಲ ಪುಟದಿಂದ ಓದತೊಡಗಿದರು.